ಕಪ್ಪು ತುಂಬದ ನಾಲ್ಕು ಕಂಬಗಳು

ಹಿಂದೂಪುರದ ಒಂದು ಎಂಜಿನಿಯರ್ ಆಫೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಕ್ಷೆ ಬರೆದವಳು ನಾನು. ಮನೆ, ರೇಷ್ಮೆ ಹುಳು ಸಾಕುವ ಶೆಡ್ಡು, ಕಲ್ಯಾಣ ಮಂಟಪ, ಶಾಲೆಯ ಕೊಠಡಿ, ಏನು ಬಂದರೆ ಅದು. ಕೆಲಸದ ಹೆಸರು ಡ್ರಾಫ್ಟ್ಸ್‌ಮನ್. ಆ ಕುರ್ಚಿಯಲ್ಲಿ ಹೆಂಗಸು ಕೂತರೆ ಏನನ್ನಬೇಕು ಎಂದು ಯಾರೂ ಯೋಚಿಸಿರಲಿಲ್ಲ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮನೆಗೆ ಬಂದು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಹೇಳುತ್ತೇನೆ. ಆದರೆ ಅವರು ಕೇಳದೇ ಇರುವ ಒಂದು ಮಾತನ್ನೂ ಹೇಳಲೇಬೇಕು. ನಾನು ಬರೆದ ಒಂದು ನಕ್ಷೆಯ ದೆಸೆಯಿಂದ ಕಲ್ಯಾಣದುರ್ಗದಲ್ಲಿ ಒಂದು ಮಧ್ಯಾಹ್ನ ಇಪ್ಪತ್ತಮೂರು ಹೆಣ್ಣುಮಕ್ಕಳು ಕೂತಿದ್ದ ನೆಲ ಕುಸಿದು ಬೀಳುವುದರಲ್ಲಿತ್ತು. ಅದನ್ನು ಮುಚ್ಚಿಟ್ಟು ಉಳಿದದ್ದೆಲ್ಲ ಹೇಳಿದರೆ ನಾನು ಏನೂ ಹೇಳಿದ ಹಾಗಾಗುವುದಿಲ್ಲ.

ಮೊದಲು ಕೆಲಸದ ರೀತಿ ಕೇಳಿ. ಮೇಜಿನ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ನಾಲ್ಕು ಮೂಲೆಗೆ ಟೇಪು ಅಂಟಿಸಿ, ಇಂಕಿನ ಪೆನ್ನಿನಲ್ಲಿ ಗೆರೆ ಎಳೆಯಬೇಕು. ತಪ್ಪಿದರೆ ಅರ್ಧ ಬ್ಲೇಡು ಹಿಡಿದು ಕೆರೆಯಬೇಕು. ಕೈ ಭಾರವಾದರೆ ಕಾಗದ ತೂತು, ಮೂರು ದಿನದ ಕೆಲಸ ಮಣ್ಣುಪಾಲು. ಬೇಸಿಗೆಯಲ್ಲಿ ಬೆವರಿನ ಒಂದು ಹನಿ ಬಿದ್ದರೂ ಇಂಕು ಹರಡುತ್ತಿತ್ತು, ಅದಕ್ಕೇ ಮೊಣಕೈಗೆ ಟವಲು ಸುತ್ತಿಕೊಂಡು ಕೂರುತ್ತಿದ್ದೆ. ಫ್ಯಾನು ಹಾಕುವಂತಿಲ್ಲ, ಕಾಗದ ಅಲುಗುತ್ತದೆ. ಪ್ರಿಂಟ್ ತೆಗೆಯಲು ಅಮೋನಿಯಾ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದರೆ ಕಣ್ಣು ಮೂಗು ಎರಡರಲ್ಲೂ ನೀರು. ಸಂಜೆ ಮನೆಗೆ ಹೋದರೆ ನಮ್ಮ ಯಜಮಾನರು ಬಾಗಿಲಲ್ಲೇ, "ಮೊದ್ಲು ಸೀರೆ ಬದ್ಲಾಯ್ಸು, ಕುರಿ ದೊಡ್ಡಿ ವಾಸ್ನೆ ಬತ್ತೈತೆ" ಎನ್ನುತ್ತಿದ್ದರು. ಈಗಿನವರು ಎಸಿಯಲ್ಲಿ ಕೂತು ಮೌಸು ಆಡಿಸುತ್ತಾ ಕೈ ನೋವು ಎನ್ನುವಾಗ ನನಗೆ ನಗು ಬರುತ್ತದೆ, ಕ್ಷಮಿಸಿ.

ನಮ್ಮ ಆಫೀಸಿನಲ್ಲಿ ಒಂದು ರೂಢಿ ಇತ್ತು. ಭಾರ ಹೊರುವ ಗೋಡೆ, ಭಾರ ಹೊರುವ ಕಂಬ, ಇವುಗಳ ಒಳಗೆ ಪೂರ್ತಿ ಕಪ್ಪು ಇಂಕು ತುಂಬುತ್ತಿದ್ದೆವು. ಅಲಂಕಾರಕ್ಕೆ ನಿಂತದ್ದನ್ನು ಬರೀ ಗೆರೆ ಹಾಕಿ ಬಿಳಿಯಾಗಿ ಬಿಡುತ್ತಿದ್ದೆವು. ಮೇಸ್ತ್ರಿಗೆ ಓದಲು ಬಾರದಿದ್ದರೂ ತೊಂದರೆ ಇರಲಿಲ್ಲ. ಕಪ್ಪನ್ನು ಮುಟ್ಟಬೇಡ, ಬಿಳಿಯನ್ನು ಬೇಕಾದರೆ ಒಡೆದುಕೋ, ಅಷ್ಟೇ. ನಾನು ಕಪ್ಪು ತುಂಬುವುದರಲ್ಲಿ ಗಟ್ಟಿಗಿತ್ತಿ ಎಂದು ಹೆಸರು ಮಾಡಿದ್ದೆ, ಒಂದು ಚುಕ್ಕೆ ಆಚೆ ಈಚೆ ಹೋಗುತ್ತಿರಲಿಲ್ಲ.

ತಪ್ಪೇ ಮಾಡಿಲ್ಲವೇ ಎಂದರೆ, ಅಯ್ಯೋ, ಬೇಕಾದಷ್ಟು. ಗೋರಂಟ್ಲದ ಒಬ್ಬರ ಮನೆಗೆ ಮಹಡಿಯಲ್ಲಿ ಬಾಲ್ಕನಿ ಬೇಡವೆಂದರು. ನಾನು ಬಾಲ್ಕನಿಯನ್ನು ಚೆನ್ನಾಗಿ ಕೆರೆದು ತೆಗೆದೆ, ಬಾಗಿಲು ಮರೆತೆ. ಮನೆ ಎದ್ದಿತು. ಮಹಡಿಯ ಬಾಗಿಲು ತೆರೆದರೆ ನೇರ ಬೀದಿ. ಮನೆಯ ಯಜಮಾನ ಆಫೀಸಿಗೇ ಬಂದು, "ಯಾರ್ನ ತಳ್ಳೋಕೆ ಮಡಗಿದ್ದೀಯಮ್ಮ ಆ ಬಾಗ್ಲು? ನಮ್ಮತ್ತೇನಾ?" ಎಂದು ಕೂಗಾಡಿದ. ಅವನ ಅತ್ತೆಯೂ ಜೊತೆಗೇ ಬಂದಿದ್ದರು. ಆಮೇಲೆ ಅಲ್ಲಿ ಕಿಟಕಿ ಕೂರಿಸಿದರು, ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಎಂಜಿನಿಯರ್ ಸತ್ಯನಾರಾಯಣ ಸಾರ್ ಮಾತ್ರ ಅಂಥದ್ದನ್ನು ಸುಮ್ಮನೆ ಬಿಡುವವರಲ್ಲ. ಆಫೀಸು ಅವರದೇ. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಗೋರಂಟ್ಲದ ಬಾಗಿಲಿಗೆ ನಾನು ಗೆರೆ ಎಳೆಯುವ ಟಿ-ಸ್ಕ್ವೇರನ್ನು ಕಿತ್ತುಕೊಂಡು ಬೀರುವಿನ ಮೇಲೆ ಎಸೆದರು. ಒಂದು ವಾರ ಬರೀ ಪ್ರಿಂಟ್ ತೆಗೆಯುವ ಕೆಲಸ ಕೊಟ್ಟರು. ಆದರೆ ಅವರಿಗೆ ಒಂದು ಹುಚ್ಚಿತ್ತು, ಹೊರದೇಶದ ಹಳೆಯ ಕಟ್ಟಡಗಳದು. ಇಂಗ್ಲಿಷಿನ ಒಂದು ದಪ್ಪ ಚಿತ್ರದ ಪುಸ್ತಕ ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಊಟದ ಹೊತ್ತಿನಲ್ಲಿ ನಾನು ಅದನ್ನು ತಿರುವುತ್ತಿದ್ದೆ. ಐಟಿಐನಲ್ಲಿ ಕಲಿತ ನನ್ನ ಇಂಗ್ಲಿಷಿಗೆ ಚಿತ್ರದ ಕೆಳಗಿನ ಒಂದೆರಡು ಸಾಲು ದಕ್ಕುತ್ತಿತ್ತು. ಪಕ್ಕದ ಪುಟಗಟ್ಟಲೆ ಬರಹದ ತಂಟೆಗೆ ಹೋಗುತ್ತಿರಲಿಲ್ಲ.

ಒಂದು ದಿನ ಕಲ್ಯಾಣದುರ್ಗದ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು ಬಂದರು, ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಅವರಿಗೆ ಊರಿನ ಹೆಣ್ಣುಮಕ್ಕಳು ಕೂತು ಓದಲು ಒಂದು ವಾಚನಾಲಯ ಕಟ್ಟಿಸಬೇಕಿತ್ತು. ಕೆಳಗೆ ಮೆಟ್ಟಿಲಿನ ಹಜಾರ, ಮೇಲೆ ಓದುವ ಹಜಾರ. ಕಟ್ಟುವವನನ್ನು ಅವರೇ ಗೊತ್ತು ಮಾಡಿಕೊಂಡು ಬಂದಿದ್ದರು. ಕುಂದುರ್ಪಿ ಕಡೆಯ ಈರಾಚಾರಿ. ದೇವರ ವಿಗ್ರಹ ಕೆತ್ತುವ ಶಿಲ್ಪಿ, ಅಲ್ಲಿಯವರೆಗೆ ಒಂದು ಮನೆಯನ್ನೂ ಕಟ್ಟಿದವನಲ್ಲ. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದ ಒಂದು ಬುಟ್ಟಿಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಹುಲ್ಲಿನ ನಡುವೆ ಮಣ್ಣಿನಲ್ಲಿ ಮಾಡಿದ ಪುಟ್ಟ ಕಟ್ಟಡ ಇತ್ತು.

"ಬರ್ಯಾಕೆ ನಂಗೆ ಬರಾಕಿಲ್ಲ ಸೋಮಿ. ಮಣ್ಣಾಗೆ ಮಾಡ್ಕೊಂಡ್ ಬಂದಿವ್ನಿ. ಇದ್ನ ಈ ಯಮ್ಮ ಕಾಗ್ದಕ್ಕಿಳಿಸ್ಲಿ" ಎಂದ.

ನಾನು ಬಗ್ಗಿ ನೋಡಿದೆ. ಹಜಾರದಲ್ಲಿ ಎಂಟು ಕಂಬಗಳು. ನಾಲ್ಕು ದಪ್ಪ ಕಂಬಗಳು ಗೋಡೆಯಿಂದ ಆಚೆ, ಎದೆ ಉಬ್ಬಿಸಿ ನಿಂತಿದ್ದವು. ಇನ್ನು ನಾಲ್ಕನ್ನು ಗೋಡೆಯಲ್ಲಿ ಗೂಡು ಮಾಡಿ ಅದರೊಳಗೆ ತುರುಕಿದ್ದ. ಆ ನಾಲ್ಕರ ಪಕ್ಕದಲ್ಲಿ, ಆಸರೆಗೆಂದು ಇಡುವ ಕಲ್ಲಿನ ಚಾಚುಗಳು, ಬ್ರಾಕೆಟ್ಟುಗಳು, ನೆಲ ಮುಟ್ಟದೆ ಸುಮ್ಮನೆ ಗೋಡೆಗೆ ಅಂಟಿಕೊಂಡಿದ್ದವು. ಮೆಟ್ಟಿಲು ಮೇಲೆ ಕಿರಿದಾಗಿ ಶುರುವಾಗಿ, ಕೆಳಗೆ ಬರುತ್ತಾ ಮೂರು ಕವಲಾಗಿ ಹಜಾರವನ್ನೆಲ್ಲ ತುಂಬಿಕೊಳ್ಳುತ್ತಿತ್ತು. ನನಗೆ ಇದೆಂಥ ಅಡ್ಡಾದಿಡ್ಡಿ ಎನಿಸಿತು. ಸಾರ್ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟರು.

"ಚೂಡು ಸುನಂದಾ, ನೋಡಮ್ಮಾ ಇಲ್ಲಿ! ಈ ಮನ್ಷ ಇಟಲಿ ನೋಡಿಲ್ಲ, ಬುಕ್ಕು ಓದಿಲ್ಲ. ಅದನ್ನೇ ಮಾಡ್ಬುಟ್ಟವ್ನೆ!"

ದಪ್ಪ ಪುಸ್ತಕ ತೆಗೆದು ತೋರಿಸಿದರು. ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಒಬ್ಬ ಶಿಲ್ಪಿ ಇದ್ದನಂತೆ. ಅಮೃತಶಿಲೆಯಲ್ಲಿ ಮನುಷ್ಯರನ್ನು ಕೆತ್ತಿ ಕೆತ್ತಿ ಹೆಸರಾದವನು, ಆಮೇಲೆ ಕಟ್ಟಡಕ್ಕೆ ಕೈ ಹಾಕಿದ. ಆ ಕಾಲದ ಕಟ್ಟಡದವರಿಗೆ ರೋಮನ್ನರ ಕಾಲದ ಕಟ್ಟಳೆಗಳೇ ವೇದ. ಕಂಬ ಎಲ್ಲಿರಬೇಕು, ಎಷ್ಟು ದಪ್ಪ, ಅದರ ಮೇಲೆ ಏನು ಕೂರಬೇಕು, ಎಲ್ಲಕ್ಕೂ ಲೆಕ್ಕ. ಈತ ಫ್ಲಾರೆನ್ಸಿನ ಒಂದು ಮಠಕ್ಕೆ ಗ್ರಂಥಾಲಯ ಕಟ್ಟುವಾಗ ಆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ. ಕಂಬಗಳನ್ನು ಜೋಡಿಜೋಡಿಯಾಗಿ ಗೋಡೆಯೊಳಗೆ ದಬ್ಬಿದ. ಏನನ್ನೂ ಹೊರದ ಬ್ರಾಕೆಟ್ಟುಗಳನ್ನು ತೂಗುಬಿಟ್ಟ. ತೆರೆಯಲು ಬಾರದ ಕುರುಡು ಕಿಟಕಿಗಳನ್ನಿಟ್ಟ. ಮೆಟ್ಟಿಲು ಮುಗಿಯುವ ಮೊದಲೇ ಊರು ಬಿಟ್ಟು ಹೋಗಿದ್ದ. ವರ್ಷಗಳಾದ ಮೇಲೆ ತಾನು ಹೋದ ಊರಿನಿಂದಲೇ ಮಣ್ಣಿನ ಮಾದರಿ ಮಾಡಿ ಪೆಟ್ಟಿಗೆಯಲ್ಲಿ ಕಳಿಸಿದನಂತೆ, ಅದನ್ನು ನೋಡಿ ಬೇರೆಯವನು ಕಟ್ಟಿದ. ಆ ಶಿಲ್ಪಿ ಕಟ್ಟಳೆ ಮುರಿದದ್ದೇ ತಡ, ಹಿಂದೆ ಬಂದವರೆಲ್ಲ ಮುರಿಯತೊಡಗಿದರು. ಆ ರೀತಿಗೆ ಮ್ಯಾನರಿಸಂ ಎಂದು ಹೆಸರು.

ಈರಾಚಾರಿ ಚಿತ್ರವನ್ನು ಬಹಳ ಹೊತ್ತು ನೋಡಿದ. "ಇವ್ನಿಗೂ ಕಲ್ಲು ಬಗ್ಗಿಸೋ ರೋಗ ಇತ್ತು ಅಂತ ಕಾಣ್ತೈತೆ" ಎಂದ. ಸಾರ್ ಬಿದ್ದು ಬಿದ್ದು ನಕ್ಕರು.

ನಕ್ಷೆ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಎಂಟನೆಯ ದಿನ ಕಪ್ಪು ತುಂಬಲು ಕೂತೆ. ಮುಂದಿನ ನಾಲ್ಕು ದಪ್ಪ ಕಂಬಗಳಿಗೆ ತುಂಬಿದೆ. ಗೋಡೆಯೊಳಗಿನ ನಾಲ್ಕಕ್ಕೆ ಬಂದಾಗ ಪೆನ್ನು ನಿಂತಿತು. ಇವು ಹೊರುತ್ತವೋ ಇಲ್ಲವೋ? ಈರಾಚಾರಿ ಹಿಂದೂಪುರದಲ್ಲೇ, ನೆಂಟರ ಮನೆಯಲ್ಲೇ ಇದ್ದ. ಕೇಳಬಹುದಿತ್ತು. ಸಾರ್ ಪಕ್ಕದ ಕೋಣೆಯಲ್ಲೇ ಇದ್ದರು. ಕೇಳಬಹುದಿತ್ತು. ನಾನು ಕೇಳಿದ್ದು ಪುಸ್ತಕವನ್ನು. ಇಟಲಿಯ ಆ ಕಂಬಗಳ ಚಿತ್ರದ ಕೆಳಗೆ, ಅವು ಏನನ್ನೂ ಹೊರದಂತೆ ನಿಂತಿವೆ ಎಂಬರ್ಥದ ಒಂದು ಸಾಲು ಇತ್ತು. ನನಗೆ ಖುಷಿಯಾಯಿತು. ಇಷ್ಟು ವರ್ಷ ಇಟ್ಟಿಗೆ ಗಾರೆ ಬರೆದವಳು ಈಗ ಇಟಲಿಯ ಶಾಸ್ತ್ರ ತಿಳಿದು ಬರೆಯುತ್ತಿದ್ದೇನೆ ಎಂಬ ಜಂಬ, ಇನ್ನೇನು. ನಾಲ್ಕನ್ನೂ ಬಿಳಿಯಾಗಿ ಬಿಟ್ಟೆ. ಮಾರನೆಯ ದಿನ, ಪರೀಕ್ಷಿಸಿದವರು ಎಂದಿದ್ದ ಕಡೆ ಸಾರ್ ಸಹಿ ಹಾಕಿಕೊಟ್ಟರು.

ಕಟ್ಟಡ ನಿಂತಿತು. ನಿಂತದ್ದು ನನ್ನ ನಕ್ಷೆಯಿಂದ ಅಲ್ಲ, ಈರಾಚಾರಿ ಅದನ್ನು ಒಂದು ದಿನವೂ ಬಿಚ್ಚಿ ನೋಡದೆ ತನ್ನ ಮಣ್ಣಿನ ಮಾದರಿಯನ್ನೇ ಮುಂದಿಟ್ಟುಕೊಂಡು ಕಟ್ಟಿಸಿದ್ದರಿಂದ. ಆದರೆ ಅದು ನನಗೆ ಆಗ ಹೊಳೆಯಲಿಲ್ಲ. ನೋಡಲು ಬಂದವರಲ್ಲಿ ಅರ್ಧ ಜನ, "ಇದೇನಪ್ಪ, ಕಂಬಗೋಳ್ನ ಬೀರೂನಾಗೆ ಮಡಗವ್ನೆ" ಎಂದು ನಕ್ಕರು. ಉಳಿದರ್ಧ ಜನಕ್ಕೆ ಅಂಥದ್ದೇ ಬೇಕೆನಿಸಿತು. ಮುಂದಿನ ಮೂರು ವರ್ಷ ನನ್ನ ಗೋಳು ಯಾರಿಗೂ ಬೇಡ. ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ಮನೆ ಕಟ್ಟಿಸುವವರೆಲ್ಲ ಗೋಡೆಯೊಳಗೆ ಕಂಬ ಕೇಳಿದರು. ಏನನ್ನೂ ಹೊರದ ಬ್ರಾಕೆಟ್ಟು ಕೇಳಿದರು. ಪರಿಗಿಯ ಒಬ್ಬ ರೈತ ದನದ ಕೊಟ್ಟಿಗೆಗೂ ಎರಡು ಹಾಕಿಸಿಕೊಂಡ. ಸಾರ್ ಗೊಣಗುತ್ತಿದ್ದರು. "ಇಟಲೀಲೂ ಹಿಂಗೇ ಆಗಿದ್ದು ಸುನಂದಾ. ಅವನಿಗೆ ಕಟ್ಟಳೆ ಗೊತ್ತಿತ್ತು, ಗೊತ್ತಿದ್ದು ಮುರ್ದ. ಇವರು ಮುರ್ದಿದ್ದನ್ನ ಮಾತ್ರ ಕಾಪಿ ಹೊಡೀತಾರೆ." ನಾನು ತಲೆಯಾಡಿಸಿ, ಆ ಮನೆಗಳ ಸಿಮೆಂಟಿನ ಕಂಬಗಳನ್ನೂ ಬಿಳಿಯಾಗಿ ಬಿಡುತ್ತಿದ್ದೆ. ಅಲ್ಲಿ ಅದು ಸರಿಯಾಗಿಯೇ ಇತ್ತು.

ಕಂಪ್ಯೂಟರ್ ಬಂತು. ನಲವತ್ತರ ಮೇಲಿನ ವಯಸ್ಸಿನಲ್ಲಿ ಮೌಸು ಹಿಡಿಯುವುದನ್ನು ಕಲಿತೆ. ಮೊದಲ ತಿಂಗಳು ಅದು ನನ್ನ ಮಾತು ಕೇಳದೆ ಅಳು ಬರುತ್ತಿತ್ತು. ಆಮೇಲೆ ಹಳೆಯ ಟ್ರೇಸಿಂಗುಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸುವ ಕೆಲಸ ನನಗೇ ಬಂತು. ಕಪ್ಪು ಕಂಬ ಒಂದು ಲೇಯರ್, ಅಂದರೆ ಒಂದು ಪದರ, ಬಿಳಿ ಕಂಬ ಇನ್ನೊಂದು. ಕಲ್ಯಾಣದುರ್ಗದ ವಾಚನಾಲಯವನ್ನೂ ನಾನೇ ಏರಿಸಿದೆ. ನಾಲ್ಕು ಬಿಳಿ ಕಂಬಗಳನ್ನು ಅಲಂಕಾರದ ಲೇಯರಿಗೆ ಹಾಕಿ ಸೇವ್ ಮಾಡಿದೆ. ಒಂದು ತಪ್ಪನ್ನು ಎರಡು ಸಲ, ಒಮ್ಮೆ ಪೆನ್ನಿನಲ್ಲಿ ಒಮ್ಮೆ ಮೌಸಿನಲ್ಲಿ ಮಾಡಿದವಳು ನಾನು.

ಇನ್ನು ಆ ದಿನ. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಇತ್ತು. ಮಲ್ಲಿಕಾರ್ಜುನಪ್ಪನವರು ತೀರಿಹೋಗಿ, ವಾಚನಾಲಯವನ್ನು ಅವರ ಮನೆಯವರು ನೋಡಿಕೊಳ್ಳುತ್ತಿದ್ದರು. ಕಾಲಿಲ್ಲದ ಮಕ್ಕಳೂ ಮೇಲೆ ಹೋಗಿ ಓದಲಿ ಎಂದು ಲಿಫ್ಟ್ ಇಡಲು ಹೊರಟಿದ್ದರು. ಒಳ್ಳೆಯ ಕೆಲಸವೇ. ಅದಕ್ಕೆ ಹಜಾರದ ಗೋಡೆಯಲ್ಲಿ ದಾರಿ ಬೇಕು, ದಾರಿಗೆ ಎರಡು ಗೂಡು ಒಂದಾಗಬೇಕು, ಅಂದರೆ ಎರಡು ಕಂಬ ಹೋಗಬೇಕು. ನಮ್ಮ ಆಫೀಸಿನಿಂದ ಹಳೆಯ ನಕ್ಷೆಯ ಪ್ರಿಂಟ್ ತರಿಸಿಕೊಂಡಿದ್ದರು. ಬಿಳಿ ಕಂಬಗಳು. ಕಾಂಟ್ರಾಕ್ಟರ್ ಓಬಳೇಶು ಕೆಲಸ ಶುರು ಮಾಡಿದ್ದ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನಾನು ಅದೇ ಊರಿಗೆ ಒಂದು ಕಲ್ಯಾಣ ಮಂಟಪದ ಅಳತೆಗೆ ಹೋಗಿದ್ದೆ. ಮಧ್ಯಾಹ್ನ ಸಾರ್ ಫೋನು ಮಾಡಿದರು.

"ಸುನಂದಾ, ಆ ರೀಡಿಂಗ್ ಹಾಲಿನ ಹತ್ರ ಒಂದ್ಸಲ ಹೋಗಿ ಬಾ. ಓಬಳೇಶು ಏನೋ ಬ್ಲೇಡು ಬ್ಲೇಡು ಅಂತ ಗೋಳಾಡ್ತಾನೆ. ಕಲ್ಲಲ್ಲಿ ಕಬ್ಬಿಣ ಇದೆಯಾ ಅಂತ ಕೇಳ್ತಾನೆ."

ಆಟೋದಲ್ಲಿ ಹೋದೆ. ಹಜಾರವೆಲ್ಲ ಕಲ್ಲಿನ ಧೂಳು. ಗೂಡಿನೊಳಗಿನ ಒಂದು ಕಂಬವನ್ನು ಸೊಂಟದ ಎತ್ತರದಲ್ಲಿ ಕಟಿಂಗ್ ಮಿಷಿನ್ನಿನಿಂದ ಕೊಯ್ದಿದ್ದರು, ನಾಲ್ಕರಲ್ಲಿ ಮೂರು ಪಾಲು. ಮಿಷಿನ್ನಿನ ಬ್ಲೇಡು ಸೀಳಿನಲ್ಲೇ ಸಿಕ್ಕಿಕೊಂಡಿತ್ತು. ಓಬಳೇಶು ಬೆವರು ಒರೆಸಿಕೊಳ್ಳುತ್ತಾ ಬಂದ.

"ಮೂರ್ನೇ ಬ್ಲೇಡು ಮೇಡಂ ಇದು. ಕೊಯ್ಯೋವರ್ಗೂ ಚೆನ್ನಾಗೈತೆ, ಆಮ್ಯಾಕೆ ಕಲ್ಲು ಕಚ್ಕೊಂಡ್ಬುಡ್ತೈತೆ. ಬಿಡಾಕೇ ಇಲ್ಲ."

"ಕಚ್ಚಿಕೊಳ್ಳುತ್ತೆ ಅಂದ್ರೆ?"

"ಸೀಳು ಮುಚ್ಕೊಂತೈತೆ ಮೇಡಂ. ಮ್ಯಾಲಿಂದ ಯಾರೋ ಅದುಮ್ದಂಗೆ."

ಮೇಲಿಂದ ಯಾರೋ ಅದುಮಿದ ಹಾಗೆ. ಏನನ್ನೂ ಹೊರದ ಕಂಬವನ್ನು ಮೇಲಿನಿಂದ ಯಾರು ಅದುಮುತ್ತಾರೆ? ತಲೆ ಎತ್ತಿ ನೋಡಿದೆ. ಕಂಬದ ನೆತ್ತಿಯ ಮೇಲೆ ಕಲ್ಲಿನ ತೊಲೆ, ತೊಲೆಯ ಮೇಲೆ ಚಪ್ಪಡಿಗಳು, ಚಪ್ಪಡಿಯ ಮೇಲೆ ಓದುವ ಹಜಾರ. ಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಮೇಲೆ ಯಾರಾದ್ರೂ ಇದ್ದಾರಾ?"

"ಅವ್ರೆ ಮೇಡಂ, ಹೆಣ್ಮಕ್ಳು. ಪರೀಕ್ಷೆ ಹತ್ರ ಬಂತಲ್ಲ, ಎದ್ದು ಹೋಗ್ರಮ್ಮ ಅಂದ್ರೂ ಹೋಗಾಕಿಲ್ಲ." ಅಷ್ಟು ಹೇಳಿ ಅವನು ತನ್ನ ಆಳಿಗೆ ಕೂಗಿದ. "ಲೇ, ಆ ಉಳಿ ಸುತ್ಗೆ ತತ್ತಾ. ಸೀಳಿಗೆ ಹೊಡ್ದು ಬ್ಲೇಡು ಕಿತ್ಕೊಳ್ಳಾನ."

"ಬೇಡ!" ಎಂದು ಕಿರುಚಿದೆ. "ಮುಟ್ಟಬೇಡ! ಆ ಬ್ಲೇಡು ಹಂಗೇ ಇರ್ಲಿ!"

ಅವನು ನಿಂತ. ನನ್ನನ್ನು ಒಂದು ಥರ ನೋಡಿದ. "ಯಾಕೆ ಮೇಡಂ?"

"ಈ ಕಂಬ ಭಾರ ಹೊತ್ತಿದೆ ಓಬಳೇಶು. ಮೇಲಿನ ನೆಲ ಇದರ ಮೇಲಿದೆ."

ಅವನು ಪ್ರಿಂಟನ್ನು ತಂದು ನನ್ನ ಮುಂದೆ ಹಾಸಿದ. ಧೂಳು ಒರೆಸಿ ಬೆರಳಿಟ್ಟು ತೋರಿಸಿದ. "ಇಲ್ಲೈತಲ್ಲ ಮೇಡಂ, ಬೆಳ್ಳಗೆ. ಮೀರು ಗೀಸಿಂದೇ ಕದಾ? ನೀವೇ ಬರ್ದಿದ್ದು ತಾನೆ?" ಮೂಲೆಯಲ್ಲಿ ನನ್ನ ಹೆಸರು ಇತ್ತು.

ನಾನು ಸಾರ್‌ಗೆ ಫೋನು ಹಚ್ಚಿದೆ. ಅವಸರದಲ್ಲಿ ಬೆರಳು ತಗುಲಿ ಸ್ಪೀಕರು ಆನ್ ಆಗಿಬಿಟ್ಟಿತ್ತು. ವಿಷಯ ಹೇಳಿದೆ. "ಗಾಬರಿ ಮಾಡ್ಬೇಡ ಸುನಂದಾ," ಎಂದರು ಸಾರ್. "ಬಿಳಿ ಅಂದ್ರೆ ಬಿಳಿ. ನೀನು ಬರ್ದಿದ್ದು ಯಾವತ್ತು ತಪ್ಪಿದೆ? ಗೋರಂಟ್ಲ ಬಿಟ್ರೆ."

ಓಬಳೇಶುಗೆ ಅಷ್ಟೇ ಸಾಕಾಯಿತು. ಅವನ ಆಳು ಉಳಿ ಹಿಡಿದು ನಿಂತಿದ್ದ. ಜನ್ಮವೆಲ್ಲ ನನ್ನ ನಕ್ಷೆಯನ್ನು ನಂಬಿ ಎಂದು ಮೇಸ್ತ್ರಿಗಳ ಜೊತೆ ಜಗಳವಾಡಿದವಳು ನಾನು. ಅವತ್ತು ನನ್ನ ನಕ್ಷೆಯನ್ನು ನಂಬಬೇಡ ಎಂದು ಒಬ್ಬ ಕಾಂಟ್ರಾಕ್ಟರನಿಗೆ ಹೇಗೆ ಒಪ್ಪಿಸುವುದು? ಮೇಲೆ ಮತ್ತೆ ಯಾರೋ ಕುರ್ಚಿ ಎಳೆದರು.

"ಏಣಿ ಕೊಡಪ್ಪ," ಎಂದೆ. "ಎರಡು ನಿಮಿಷ. ಆಮೇಲೆ ನಿನ್ನಿಷ್ಟ."

ಮುಂದಿನ ದಪ್ಪ ಕಂಬಕ್ಕೆ ಏಣಿ ಹಾಕಿಸಿ ಹತ್ತಿದೆ. ಐವತ್ತೇಳು ವಯಸ್ಸು, ಸೀರೆ, ಮಂಡಿ ನೋವು. ಬ್ಯಾಗಿನಲ್ಲಿ ಯಾವಾಗಲೂ ಇರುವ ಆರಿಂಚಿನ ಸ್ಟೀಲ್ ಸ್ಕೇಲ್ ತೆಗೆದು, ಕಂಬದ ನೆತ್ತಿಯ ಕೆತ್ತನೆಯ ಹಿಂದೆ, ಕಂಬಕ್ಕೂ ತೊಲೆಗೂ ನಡುವೆ ಇಟ್ಟು ತಳ್ಳಿದೆ. ಸ್ಕೇಲು ಸಲೀಸಾಗಿ ಪೂರ್ತಿ ಒಳಗೆ ಹೋಯಿತು. ಅಲ್ಲಿ ಸಂದಿ ಇತ್ತು. ಎದೆ ಉಬ್ಬಿಸಿಕೊಂಡು ನಿಂತ ಆ ದಪ್ಪ ಕಂಬ ಏನನ್ನೂ ಮುಟ್ಟಿಯೇ ಇರಲಿಲ್ಲ.

"ಈಗ ನೀನು ಹತ್ತು," ಎಂದೆ ಓಬಳೇಶುಗೆ. "ಗೂಡಿನೊಳಗಿನ ಆ ಇನ್ನೊಂದು ಕಂಬಕ್ಕೆ ಹಾಕಿ ನೋಡು, ಕೊಯ್ಯದೇ ಇರೋದಕ್ಕೆ."

ಅವನು ಹತ್ತಿದ. ಸ್ಕೇಲಿನ ಮೂಲೆ ತೂರಿಸಲು ನೋಡಿದ. ಆಗಲಿಲ್ಲ. ಜೇಬಿನಿಂದ ಬಸ್ಸಿನ ಟಿಕೆಟು ತೆಗೆದು ಅದನ್ನು ತೂರಿಸಲು ನೋಡಿದ. ಟಿಕೆಟು ಮಡಚಿಕೊಂಡಿತು. ಅವನು ಏಣಿಯ ಮೇಲೆ ನಿಂತೇ, ಕೊಯ್ದ ಕಂಬವನ್ನೂ ಅದರ ಮೇಲಿನ ತೊಲೆಯನ್ನೂ ನೋಡಿದ. ಮುಖ ಬಿಳಿಚಿಕೊಂಡಿತು.

"ಅಯ್ಯೋ ನಾಯ್ನಾ," ಎಂದ. "ಮೇಡಂ, ನಾನು ಹೊಡ್ದೇಬುಡ್ತಿದ್ನಲ್ಲ ಮೇಡಂ."

"ತೊಲೆಗೆ ಆಸರೆ ಕೊಡೋಕೆ ಜಾಕಿ ಎಲ್ಲಿ ಸಿಗುತ್ತೆ?"

"ಪಕ್ಕದ ಬೀದೀಲಿ ಸೆಂಟ್ರಿಂಗು ನಡೀತೈತೆ. ತತ್ತೀನಿ." ಏಣಿಯಿಂದ ಇಳಿದವನೇ ಓಡಿದ.

ನಾನು ಮೇಲೆ ಹತ್ತಿದೆ. ಓಡುವ ಹಾಗಿಲ್ಲ. ಇಪ್ಪತ್ತಮೂರು ಮಂದಿ ಒಮ್ಮೆಗೇ ಎದ್ದು ಓಡಿದರೆ ಅದೇ ಸಾಕು. ಬಾಗಿಲಲ್ಲಿ ನಿಂತು, ಎಷ್ಟು ಸಾಧ್ಯವೋ ಅಷ್ಟು ಬೇಸರದ ದನಿಯಲ್ಲಿ, "ಕರೆಂಟ್ ಕೆಲಸ ಇದೆ, ಎಲ್ಲರೂ ಒಬ್ಬೊಬ್ಬರಾಗಿ ಎಡಗಡೆ ಮೆಟ್ಟಿಲಿನಲ್ಲಿ ಇಳೀರಮ್ಮ, ಮೆಲ್ಲಗೆ, ನೆಮ್ಮದಿಗಾ" ಎಂದೆ. ಎಡಗಡೆಯ ಕವಲು ಆ ಕಂಬದಿಂದ ದೂರ ಇತ್ತು. ಹೆಣ್ಣುಮಕ್ಕಳು ಗೊಣಗುತ್ತಾ ಎದ್ದರು. ನಾನು ಎಣಿಸುತ್ತಾ ನಿಂತೆ. ಇಪ್ಪತ್ತೆರಡು ಹೋದರು. ಕಿಟಕಿ ಪಕ್ಕದಲ್ಲಿ, ಸರಿಯಾಗಿ ಆ ತೊಲೆಯ ಮೇಲೆ ಕೂತಿದ್ದ ಒಬ್ಬಳು ಎದ್ದೇಳಲಿಲ್ಲ.

"ನಾನ್ ಹೋಗಾಕಿಲ್ಲ ಮೇಡಂ. ಬೆಳಿಗ್ಗೆ ಆರಕ್ಕೆ ಬಂದು ಹಿಡ್ದಿರೋ ಸೀಟು. ಹೋದ್ರೆ ಇನ್ಯಾರೋ ಕೂತ್ಕೊಂಬುಡ್ತಾರೆ."

"ನಿನ್ನ ಸೀಟು ನಾನು ಕಾಯ್ತೀನಿ ಬಾ ತಾಯಿ."

"ನೀವ್ಯಾರು?"

ಕೆಳಗೆ ಟಕ್ ಎಂದು ಒಂದು ಸದ್ದಾಯಿತು. ಕಲ್ಲಿನ ಚೂರು ಸಿಡಿದು ನೆಲಕ್ಕೆ ಬಿದ್ದ ಸದ್ದು. ಅದು ಕಿವಿಗಿಂತ ಹೆಚ್ಚಾಗಿ ನನ್ನ ಕಾಲಿಗೆ ತಿಳಿಯಿತು. ಆ ಹುಡುಗಿಗೂ ತಿಳಿದಿರಬೇಕು, ನನ್ನ ಮುಖ ನೋಡಿದಳು. ನಾನು ಅವಳ ಕೈ ಹಿಡಿದೆ. "ಓಡಬೇಡ. ನನ್ನ ಜೊತೆ ನಡಿ" ಎಂದೆ. ಪುಸ್ತಕ ಅಲ್ಲೇ ಬಿಟ್ಟು ನಡೆದಳು. ಆ ಹಜಾರವನ್ನು ದಾಟಿ ಆ ಮೆಟ್ಟಿಲುಗಳನ್ನು ಇಳಿದಷ್ಟು ನಿಧಾನವಾಗಿ ನಾನು ಇನ್ನೆಲ್ಲೂ ನಡೆದಿಲ್ಲ. ಕೆಳಗೆ ಓಬಳೇಶು ಮತ್ತು ಅವನ ಆಳುಗಳು ತೊಲೆಯ ಎರಡೂ ಕಡೆ ಕಬ್ಬಿಣದ ಜಾಕಿ ನಿಲ್ಲಿಸಿ ತಿರುವುತ್ತಿದ್ದರು. ಆರು ಜಾಕಿ ಬಿಗಿಯಾದ ಮೇಲೆ ಬ್ಲೇಡನ್ನು ಎಳೆದರು. ಅದು ಸಲೀಸಾಗಿ ಬಂತು, ಸೀಳು ತೆರೆದೇ ಉಳಿಯಿತು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆ ಹುಡುಗಿ ನೀರು ತಂದುಕೊಟ್ಟಳು.

ಮಾರನೆಯ ಬೆಳಿಗ್ಗೆ ಈರಾಚಾರಿಯನ್ನು ಕರೆಸಿದರು. ಮುಪ್ಪಾಗಿದ್ದ, ಕಣ್ಣು ಮಂಜಾಗಿತ್ತು. ಸೀಳಿನೊಳಗೆ ಬೆರಳಿಟ್ಟು ಸುತ್ತಲೂ ಸವರಿದ. "ಕಾಲು ಪಾಲು ಉಳ್ದಿತ್ತಲ್ಲ, ಅಷ್ಟೇ ಹೊತ್ಕೊಂಡು ನಿಂತಿತ್ತಾ?" ಎಂದು ಕಂಬವನ್ನೇ ಕೇಳಿದ. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ. ಗೂಡಿನ ಹಿಂದಿನ ಗೋಡೆ ಬರೀ ಒಂದಿಟ್ಟಿಗೆ ದಪ್ಪ, ಅದಕ್ಕೆ ಏನೂ ತಾಕತ್ತಿಲ್ಲ. ಭಾರವೆಲ್ಲ ಗೂಡಿನೊಳಗಿನ ನಾಲ್ಕರ ಮೇಲೆ. ಮುಂದಿನವು ನೋಡೋಕೆ. "ದೊಡ್ಡೋರ ಮನೇಲಿ ಹಂಗೇ ಅಲ್ವಾ ಕಣಮ್ಮ, ಮುಂದೆ ನಿಂತು ಮೀಸೆ ತಿರುವೋರು ಬ್ಯಾರೆ, ಒಳ್ಗಿದ್ದು ಹೊರೋರು ಬ್ಯಾರೆ. ಅದ್ನೇ ಕಲ್ಲಾಗೆ ಮಾಡಿದ್ದೆ."

"ನಾನು ಅವನ್ನ ಬಿಳಿಯಾಗಿ ಬಿಟ್ಟೆ ಆಚಾರ್ರೇ," ಎಂದೆ. "ತಪ್ಪು ನಂದು. ನಿಮ್ಮನ್ನ ಒಂದು ಮಾತು ಕೇಳಲಿಲ್ಲ."

ಅವನು ಬೆರಳಿಗೆ ಅಂಟಿದ ಕಲ್ಲಿನ ಧೂಳು ಒರೆಸಿಕೊಂಡ. ಆಮೇಲೆ, "ನಾನೂ ಒಂದ್ಸಲ ನೋಡಿದ್ದೆ ಕಣಮ್ಮ ನಿನ್ನ ಕಾಗ್ದ, ಕಟ್ಟಡ ಮುಗ್ದ ಮ್ಯಾಕೆ, ಗೋಡೇಗೆ ತೂಗಾಕಿದ್ರಲ್ಲ," ಎಂದ. "ಆ ನಾಲ್ಕು ಬೆಳ್ಳಗಿದ್ವು. ನನ್ನ ಕಂಬಕ್ಕೆ ಮಸಿ ಬಳ್ಯಾಕೆ ಈ ತಾಯಿಗೆ ಮನಸ್ಸು ಬರ್ನಿಲ್ಲ ಅಂದ್ಕೊಂಡು, ಖುಷಿಯಾಗಿ ಊರಿಗೋದೆ."



ಹಿಂದೂಪುರಕ್ಕೆ ಬಂದ ಮೇಲೆ ದಪ್ಪ ಪುಸ್ತಕವನ್ನು ಮತ್ತೆ ತೆಗೆದೆ. ಕಾಲೇಜಿಗೆ ಹೋಗುವ ನಮ್ಮಣ್ಣನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರದ ಪಕ್ಕದ ಪುಟವನ್ನು ಪೂರ್ತಿ ಓದಿಸಿದೆ. ಇಟಲಿಯ ಶಿಲ್ಪಿಯ ಕಂಬಗಳು ಏನನ್ನೂ ಹೊರದಂತೆ ಕಾಣುತ್ತವೆ, ಆದರೆ ನಿಜದಲ್ಲಿ ಮೇಲಿನ ಭಾರ ಅವುಗಳ ಮೇಲೆಯೇ ಇದೆ, ಅದೇ ಅವನ ಕೌಶಲ ಎಂದು ಅಲ್ಲಿ ಬರೆದಿತ್ತು. ಅವತ್ತೇ ಆ ಪುಟ ಓದಿಸಿದ್ದರೆ ಸಾಕಿತ್ತು. ಹೊಸಬರಿಗೆ ಹೇಳುತ್ತೇನೆ, ಚಿತ್ರದ ಕೆಳಗಿನ ಸಾಲನ್ನು ಮಾತ್ರ ಓದಿ ನಕ್ಷೆ ಬರೆಯಬೇಡಿ. ಕಲ್ಲು ಕೆತ್ತಿದವನು ಕಣ್ಣಿನ ಮುಂದೆಯೇ ಇದ್ದರೆ ಅವನನ್ನು ಕೇಳಿ.

ನಕ್ಷೆಯನ್ನು ತಿದ್ದಿದೆ. ನಾಲ್ಕಕ್ಕೂ ಕಪ್ಪು ತುಂಬಿದೆ, ಮುಂದಿನ ನಾಲ್ಕನ್ನು ಬಿಳಿ ಮಾಡಿದೆ. ತಿದ್ದಿದ ನಕ್ಷೆಯ ಮೂಲೆಯಲ್ಲಿ, ಯಾಕೆ ತಿದ್ದಿದ್ದು ಎಂದು ಬರೆಯಲು ಒಂದು ಪುಟ್ಟ ಕಾಲಂ ಇರುತ್ತದೆ. ಅಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡು ಬರೆಯುವುದು ಒಂದೇ ಮಾತು, ಸೈಟಿನ ಪರಿಸ್ಥಿತಿಗೆ ತಕ್ಕಂತೆ ಎಂದು. ಪ್ರಿಂಟ್ ತೆಗೆದು ಸಾರ್ ಮೇಜಿನ ಮೇಲಿಟ್ಟೆ, ಕಾಲಂ ಖಾಲಿ ಬಿಟ್ಟಿದ್ದೆ.

"ಏನು ಬರೀತೀಯ?" ಎಂದರು.

"ಆಗಿದ್ದನ್ನ."

"ವದ್ದಮ್ಮಾ. ಬೇಡ ಸುನಂದಾ. ಇದರ ಕಾಪಿ ಮುನ್ಸಿಪಾಲಿಟಿಗೆ ಹೋಯ್ತದೆ, ಮಲ್ಲಿಕಾರ್ಜುನಪ್ಪನ ಮನೆಗೆ ಹೋಯ್ತದೆ. ಊರೆಲ್ಲ ಗೊತ್ತಾಯ್ತದೆ. ನಾಳೆ ಈ ಆಫೀಸಿಗೆ ಯಾರು ಬತ್ತಾರೆ? ಇಷ್ಟು ವರ್ಷ ದುಡ್ದು, ಹೋಗೋ ಹೊತ್ನಲ್ಲಿ ಹೆಸರು ಕೆಡಿಸ್ಕೊಂಡು ಹೋಯ್ತೀಯಾ?"

"ಹೆಸರು ಅಂದ್ರೆ ಆ ಮೂಲೇಲಿ ಇರೋದು ತಾನೆ ಸಾರ್? ಅದು ಆಗ್ಲೇ ಅಲ್ಲಿದೆ."

ಪೆನ್ನು ತೆಗೆದು, "ಮೊದಲ ನಕ್ಷೆ ತಪ್ಪು. ಬರೆದವಳು ವಿಚಾರಿಸದೆ ಬರೆದಿದ್ದಾಳೆ" ಎಂದು ಬರೆದು ಸಹಿ ಮಾಡಿದೆ. ಕಾಲಂ ತುಂಬಿಹೋಯಿತು. ಸಾರ್ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಹರಿದುಹಾಕುತ್ತಾರೆ ಎಂದೇ ನಾನು ಅಂದುಕೊಂಡೆ. ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಕಾಲಂ ಸಾಲಲ್ಲ," ಎಂದರು ಕೊನೆಗೆ, ನನ್ನ ಮುಖ ನೋಡದೆ. "ಕೆಳಗೆ ಇನ್ನೊಂದು ಗೆರೆ ಎಳಿಯಮ್ಮ."

ಎಳೆದುಕೊಟ್ಟೆ. ಅದರ ಮೇಲೆ, ಎಷ್ಟೋ ವರ್ಷಗಳಿಂದ ಸಹಿ ಬಿಟ್ಟು ಬೇರೇನೂ ಬರೆಯದ ಕೈಯಿಂದ, ಅಕ್ಷರ ಅಕ್ಷರವಾಗಿ ಬರೆದರು: "ಪರೀಕ್ಷಿಸಬೇಕಾದವನು ನೋಡದೆ ಸಹಿ ಹಾಕಿದ್ದಾನೆ." ಆಮೇಲೆ ತಮ್ಮ ಪೂರ್ತಿ ಹೆಸರು ಬರೆದರು.